ಎಪ್ಪತ್ತೈದರ ಮೇಲೆ ಎಪ್ಪತ್ತೈದು

"ಈ ಪ್ಲಾನ್ ಬರೆದ ಮಹಾನುಭಾವರು ನೀವೇನಾ?"

ಅವನು ಸ್ವಿಚ್ ರೂಮಿನ ಹೊಸ್ತಿಲನ್ನೂ ದಾಟಿರಲಿಲ್ಲ. ಆಗಲೇ ಮೊದಲ ಬಾಣ ಬಂತು.

"ಹೌದು... ನಾನೇ."

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕಾಗದ ಕತ್ತರಿಸಬಹುದಾದಂಥ ಇಸ್ತ್ರಿ. ಧೂಳು ಕಾಣದ ಬೂಟು. ಹೆಡ್ಡಾಫೀಸಿನ ಪಂಡಿತ!

'ಇಂಥವರ ಕೈಬೆರಳಿಗೆ ಒಂದು ಸ್ಕ್ರೂ ಆದರೂ ಪರಿಚಯವಿದೆಯಾ?' ಎಂದುಕೊಂಡಳು.

ಮೂಲೆಯಲ್ಲಿ ಬ್ಯಾಟರಿಗಳಿಗೆ ನೀರು ಹಾಕುತ್ತಿದ್ದ ಬ್ಯಾಟರಿ ಮಾಮ ಸಣ್ಣಗೆ ಕೆಮ್ಮಿದ. "ಸಾರ್, ಇವಳನ್ನ ನಾವು ಮೆಣಸಿನಕಾಯಿ ಅಂತೀವಿ. ಕಣ್ಣಿಗೆ ಹತ್ತಿರ ಹಿಡೀಬೇಡಿ."

ಅವಳದು ಎಟಿಎಂ ಜಾಲದ ಕೆಲಸ. ನೋಟು ಉಗುಳುವ ಡಬ್ಬಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಚಿಕ್ಕಮ್ಮನಿಗೆ ಆರು ವರ್ಷದಿಂದ ಹೇಳಿ ಸೋತಿದ್ದಳು. ಒಂದು ಊರಿನಿಂದ ಇನ್ನೊಂದು ಊರಿಗೆ, ಮಾಹಿತಿಯ ಪುಟ್ಟ ತುಣುಕುಗಳು ಓಡಾಡಲು ಸದಾ ತೆರೆದಿರುವ ದಾರಿ ಮಾಡಿಕೊಡುವುದು ಅವಳ ಕಸುಬು. ಆ ದಾರಿಗೆ ಶಾಶ್ವತ ಸರ್ಕ್ಯೂಟ್ ಎಂದು ಹೆಸರು. ಹೆಸರಿಗೆ ಮಾತ್ರ ಶಾಶ್ವತ. ದಾರಿಯಲ್ಲಿ ತುಣುಕುಗಳನ್ನು ಮುಂದಕ್ಕೆ ದಾಟಿಸುವ ಒಂದೊಂದು ಸ್ವಿಚ್ಚಿಗೂ, ಹೆಡ್ಡಾಫೀಸಿನ ಪ್ಲಾನ್ ನೋಡಿ, ಮನುಷ್ಯರೇ ಕೂತು ನಂಬರ್ ತುಂಬಬೇಕು.

ಇವತ್ತಿನದು ಎರಡು ಆಸ್ಪತ್ರೆಗಳ ನಡುವಿನ ದಾರಿ. ಮೂರು ಸ್ವಿಚ್: ಇಲ್ಲಿ ಒಂದು, ನಡುವಿನ ಊರಲ್ಲಿ ಒಂದು, ಆ ತುದಿಗೆ ಒಂದು. ಬೆಳಿಗ್ಗೆಯಿಂದ ಎಲ್ಲ ದೀಪಗಳೂ ಹಸಿರು. ದಾಟಿದ ತುಣುಕು ಮಾತ್ರ ಸೊನ್ನೆ.

"ಐದು ಗಂಟೆಗೆ ರಿಪೋರ್ಟ್ ಕಳಿಸ್ಬೇಕು," ಎಂದ ಅವನು. "ತಪ್ಪು ಯಾರದು ಅಂತ."

ಬಾಯಿ ಜೋರೆಂಬ ಕಾರಣಕ್ಕೆ ಅವಳ ಮೇಲೆ ಆಗಲೇ ಎರಡು ಎಚ್ಚರಿಕೆ ಪತ್ರಗಳಿದ್ದವು. ಮೂರನೆಯದು ಬಂದರೆ ಕೆಲಸವೇ ಇಲ್ಲ!

"ತಪ್ಪು ಹುಡುಕೋಕೆ ಇಲ್ಲೀವರೆಗೆ ಯಾಕ್ರೀ ಬಂದ್ರಿ? ಮನೇಲಿ ಕನ್ನಡಿ ಇಲ್ವಾ?"

ಬ್ಯಾಟರಿ ಮಾಮ ಮಗ್ಗಿನ ಸಮೇತ ಹೊರಗೆ ನಡೆದ.

ಅವನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. "ನಡುವಿನ ಊರಿನ ಸ್ವಿಚ್ಚೇ ಕೆಟ್ಟಿರ್ಬೇಕು. ಫೋನ್ ಮಾಡ್ತೀನಿ," ಎಂದು ಪಕ್ಕದ ಕೋಣೆಗೆ ಹೋದ.

'ಜಾರಿಕೊಂಡ!' ಎಂದು ಮೂಗು ಮುರಿದು, ಅವಳು ಅವನ ಪ್ಲಾನನ್ನು ಮತ್ತೆ ಎಳೆದುಕೊಂಡಳು. ಎಪ್ಪತ್ತೈದು, ಎಪ್ಪತ್ತೈದು, ಎಪ್ಪತ್ತೈದು. ಎಲ್ಲ ಕಡೆಯೂ ಒಂದೇ ನಂಬರ್! ಸ್ವಿಚ್ ದಾಟಿದಾಗ ನಂಬರ್ ಬದಲಾಗುವುದು ವಾಡಿಕೆ. ಈ ಸೋಮಾರಿ ಮೇಲಿನ ಸಾಲನ್ನೇ ಕೆಳಗೂ ನಕಲು ಹೊಡೆದಿದ್ದಾನೆಂದು ಬೆಳಿಗ್ಗೆಯೇ ಅವಳು ನಕ್ಕಿದ್ದಳು. ನಕ್ಕು, ತನ್ನ ಸ್ವಿಚ್ಚಿನಲ್ಲಿ ಎಂಬತ್ತಮೂರು ಎಂದು...

ಅವಳ ಕೈ ನಿಂತಿತು.

ತಿದ್ದಿದ್ದಳು. ಯಾರಿಗೂ ಹೇಳಿರಲಿಲ್ಲ. ನಡುವಿನ ಊರು ಎಪ್ಪತ್ತೈದಕ್ಕೆ ಕಾಯುತ್ತ ಕೂತಿದೆ. ಇವಳು ಎಂಬತ್ತಮೂರು ಕಳಿಸುತ್ತಿದ್ದಾಳೆ. ಗುರುತಿಲ್ಲದ ನಂಬರಿನ ತುಣುಕನ್ನು ಸ್ವಿಚ್ ಸದ್ದಿಲ್ಲದೆ ಎಸೆಯುತ್ತದೆ. ಬೆಳಿಗ್ಗೆಯಿಂದ ಎಸೆಯುತ್ತಲೇ ಇದೆ!

ಗಂಟೆ ನಾಲ್ಕೂಕಾಲು. ಸದ್ದಿಲ್ಲದೆ ತಿದ್ದಿಬಿಟ್ಟರೆ? ಅರ್ಧ ನಿಮಿಷದ ಕೆಲಸ. ನಡುವಿನ ಊರಿನ ತಲೆಗೆ ಕಟ್ಟಬಹುದು. ಯಾರಿಗೂ ತಿಳಿಯದು...

ಗೋಡೆಯಾಚೆ ಅವನು ಫೋನಿನಲ್ಲಿ ಯಾರನ್ನೋ ತರಾಟೆಗೆ ತೆಗೆದುಕೊಳ್ಳುತ್ತಿದ್ದ. ತಪ್ಪು ಮಾಡದ ಯಾರನ್ನೋ.

ಅವಳು ಎದ್ದು ಹೋಗಿ ಬಾಗಿಲಲ್ಲಿ ನಿಂತಳು.

"ಫೋನ್ ಇಡಿ. ತಪ್ಪು ನನ್ನದು. ನಿಮ್ಮ ನಂಬರ್ ನೋಡಿ ಸೋಮಾರಿತನ ಅಂದ್ಕೊಂಡು ನಾನೇ ಬದಲಾಯಿಸ್ದೆ." "ಆದ್ರೂ ಕೇಳ್ತೀನಿ, ಎಲ್ಲಾ ಕಡೆ ಒಂದೇ ನಂಬರ್ ಹಾಕೋ ದಡ್ಡತನ ಯಾಕೆ?"

ಅವನು ಚೀಲದಿಂದ ಒಂದು ಕಟ್ಟು ತೆಗೆದ. ಎರಡು ವರ್ಷದಿಂದ ಅವಳು ವಾಪಸ್ ಕಳಿಸಿದ್ದ ಅವನದೇ ಪ್ಲಾನುಗಳು! ಅಂಚಿನಲ್ಲಿ ಕೆಂಪು ಶಾಯಿಯ ಅವಳದೇ ಬೈಗುಳ.

'ಇದನ್ನು ಬರೆದವರು ಎಚ್ಚರವಾಗಿದ್ದರೇ?'

'ಗಣಿತ ಕಲಿಸಿದ ಮೇಷ್ಟರ ವಿಳಾಸ ಕೊಡಿ.'

ಎಲ್ಲಕ್ಕಿಂತ ಮೇಲಿನದರಲ್ಲಿ: 'ಒಂದು ದಾರಿಗೆ ನೂರೆಂಟು ನಂಬರ್! ಎಲ್ಲ ಕಡೆ ಒಂದೇ ಹಾಕಿದರೆ ನಿಮ್ಮ ಗಂಟೇನು ಹೋಗುತ್ತದೆ?'

"ಅದಕ್ಕೇ ಹಾಕ್ದೆ," ಎಂದ ಅವನು ಮೆಲ್ಲಗೆ. "ಎಲ್ಲಾ ಕಡೆ ಖಾಲಿ ಇರೋ ನಂಬರ್ ಹುಡುಕೋಕೆ ನಾಲ್ಕು ದಿನ ಬೇಕಾಯ್ತು."

ಅವಳಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

"ಇವನ್ನೆಲ್ಲಾ ಯಾಕೆ ಇಟ್ಕೊಂಡಿದ್ದೀರಿ? ದೂರು ಕೊಡೋಕಾ?"

"ನನ್ನ ಪ್ಲಾನ್ ಪೂರ್ತಿ ಓದೋರು ನೀವೊಬ್ರೇ. ಉಳಿದೋರು ಸುಮ್ನೆ ಸೀಲ್ ಹೊಡೀತಾರೆ... ಯಾರದು ಈ ಕೈಬರಹ ಅಂತ ನೋಡ್ಬೇಕಿತ್ತು. ರಿಪೋರ್ಟ್ ಬರೆಯೋ ಕೆಲಸ ನಾನೇ ಕೇಳಿ ತಗೊಂಡೆ."

ಅವಳು ಬೈಯದೆಯೇ ಹೋಗಿ ತನ್ನ ಸ್ವಿಚ್ಚಿನ ಮುಂದೆ ಕೂತಳು. ಆ ಕಟ್ಟಡದ ಚರಿತ್ರೆಯಲ್ಲಿ ಮೊದಲ ಬಾರಿಗೆ!

ಎಪ್ಪತ್ತೈದು ಎಂದು ಒತ್ತಿದಳು. ಸೊನ್ನೆ ಅಲುಗಿತು. ಹತ್ತು... ನಾನೂರು... ಸಾವಿರ! ಆ ತುದಿಯ ಆಸ್ಪತ್ರೆಯಲ್ಲಿ ಯಾರದೋ ಮುರಿದ ಮೂಳೆಯ ಚಿತ್ರ ಮೂಡಿತಂತೆ.

ನಾಲ್ಕೂಮುಕ್ಕಾಲಿಗೆ ಅವನು ರಿಪೋರ್ಟ್ ಬರೆದ: 'ಓದಿದವರು ಕೇಳದೆ ತಿದ್ದಿದರು. ಬರೆದವನು ಕಾರಣ ತಿಳಿಸಲಿಲ್ಲ. ತಪ್ಪು ಇಬ್ಬರದೂ. ದಾರಿ ನಡೆಯುತ್ತಿದೆ.' ಕೆಳಗೆ ತನ್ನ ಸಹಿ ಹಾಕಿ ಪೆನ್ನು ಚಾಚಿದ.

"ಹೆಡ್ಡಾಫೀಸ್‌ನೋರಿಗೆ ಒಬ್ಬರನ್ನೇ ಮನೆಗೆ ಕಳಿಸೋಕಾಗಲ್ಲ. ಇಬ್ಬರನ್ನೂ ಕಳಿಸೋ ಧೈರ್ಯ ಅವರಿಗಿಲ್ಲ."

ಅವಳು ಸಹಿ ಹಾಕಿದಳು.

"ಇನ್ಮೇಲೆ ಅಂಚಿನಲ್ಲಿ ಬೈಯಲ್ಲ," ಎಂದಳು ತಲೆ ತಗ್ಗಿಸಿ.

"ಅಯ್ಯೋ! ಮತ್ತೆ?"

"ಎದುರಿಗೇ ಕೂತು ಬೈತೀನಿ."

"...ದಿನಾ?"

ಅವಳು ಅವನ ಕಾಲರನ್ನು ತಾತ್ಸಾರದಿಂದ ನೋಡಿದಳು. ಕಣ್ಣು ಮಾತ್ರ ಒದ್ದೆಯಾಗಿತ್ತು.

"ದಿನಾ. ಆದ್ರೆ ಮನೇಲಿ ಈ ಇಸ್ತ್ರಿ ಕೆಲಸ ನಂಗೆ ಹೇಳ್ಬೇಡಿ. ನಿಮ್ಮ ಬಟ್ಟೆಗೆ ನೀವೇ ಹಾಕ್ಕೋಬೇಕು."