ಮೂರನೆಯ ಸರತಿ

ಜ್ವರದಲ್ಲಿ ನಡುಗುತ್ತ ಮಗಳು ಅರ್ಧ ಪರೀಕ್ಷೆ ಬರೆದು ಎದ್ದು ಬಂದಿದ್ದಳು. ಅದು ಅವಳ ಕೊನೆಯ ಅವಕಾಶ. ಆ ಒಂದು ಪತ್ರಿಕೆ ಹೋದರೆ ನರ್ಸಿಂಗ್ ಓದು ಅಲ್ಲಿಗೇ ಮುಗಿಯಿತು. ಮರುಪರೀಕ್ಷೆಗೆ ಅಪ್ಪ ಕೈಮುಗಿದು ಬೇಡಿಕೊಂಡರೆ ಪ್ರಿನ್ಸಿಪಾಲರು ಕಡತದಿಂದ ತಲೆಯನ್ನೇ ಎತ್ತಲಿಲ್ಲ. ಅದೇ ಕಾಲೇಜಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಅವನಿಗೆ ಆಯಮ್ಮನ ಬುದ್ಧಿ ಹೊಸದೇನಲ್ಲ. ಉತ್ತರಪತ್ರಿಕೆ ಇಡುವ ಕೋಣೆಯ ಕ್ಯಾಮೆರಾದ ಚಿತ್ರಗಳು ನಡುನಡುವೆ ಕಾಣೆಯಾಗುತ್ತಿವೆ ಎಂದು ಎರಡು ತಿಂಗಳ ಹಿಂದೆ ಎಲ್ಲರೆದುರು ಅವನಿಗೆ ಮಂಗಳಾರತಿ ಎತ್ತಿದ್ದರು. "ಒಂದು ಚಿತ್ರಾನೂ ತಪ್ಪಬಾರದು, ತಿಳೀತೇನ್ರೀ?" ಐದೇ ನಿಮಿಷದಲ್ಲಿ ಸರಿಮಾಡಿಕೊಟ್ಟಿದ್ದ. ಥ್ಯಾಂಕ್ಸ್ ಅನ್ನುವುದಕ್ಕೂ ಆಯಮ್ಮನಿಗೆ ಬಾಯಿ ಬರಲಿಲ್ಲ.

ಕಾಲೇಜಿನ ನೆಟ್‌ವರ್ಕ್ ಪೂರ್ತಿ ಅವನ ಕೈಯಲ್ಲಿತ್ತು. ಉತ್ತರಪತ್ರಿಕೆಯ ಕೋಣೆಯೂ ಗ್ರಂಥಾಲಯವೂ ಇದ್ದ ಹಳೆ ಕಟ್ಟಡದಿಂದ ಆಫೀಸಿಗೆ ಹೋಗುವ ಮಾಹಿತಿಯೆಲ್ಲ ಒಂದು ಪುಟ್ಟ ಲಿನಕ್ಸ್ ಕಂಪ್ಯೂಟರ್ ಪೆಟ್ಟಿಗೆಯನ್ನು ದಾಟಿಯೇ ಹೋಗಬೇಕು. ಅದರೊಳಗೆ ಮೂರು ಸರತಿ. ಮೊದಲನೆಯದರಲ್ಲಿ ಒಂದು ತುಣುಕು ಬಾಕಿಯಿದ್ದರೂ ಮೂರನೆಯದು ಕದಲುವಂತಿಲ್ಲ. ಯಾರು ಎಲ್ಲಿ ನಿಲ್ಲಬೇಕೆಂದು ಹೇಳುವವನು ಅವನೇ. ಗ್ರಂಥಾಲಯದ ಭಾರಿ ಬ್ಯಾಕಪ್ಪನ್ನು ಮೊದಲನೆಯದಕ್ಕೆ, ಕ್ಯಾಮೆರಾವನ್ನು ಮೂರನೆಯದಕ್ಕೆ ತಳ್ಳಿದರೆ ಪ್ರಿನ್ಸಿಪಾಲರ ಪರದೆಗೆ ಏನೂ ತಲುಪದು. ವೈರ್ ಕತ್ತರಿಸುವುದು ದಡ್ಡರ ಕೆಲಸ. ಪೆಟ್ಟಿಗೆ ಇದ್ದದ್ದೂ ಉತ್ತರಪತ್ರಿಕೆಯ ಕೋಣೆಯಲ್ಲೇ, ಹಾಗಾಗಿ ಬೀಗದ ಕೈ ಅವನ ಬಳಿಯೂ ಒಂದಿತ್ತು.

ಖಾಲಿ ಉತ್ತರಪತ್ರಿಕೆಯೊಂದನ್ನು ಹೊಂದಿಸಿ ತಂದು ಮಗಳ ಮುಂದಿಟ್ಟ.

"ಅಪ್ಪಾ, ಬೇಡಪ್ಪಾ. ಭಯ ಆಗುತ್ತೆ. ಬೇರೆ ಏನಾದ್ರೂ ಓದ್ತೀನಿ."

"ನೀನು ಬರಿ ಪುಟ್ಟಿ. ಉಳಿದದ್ದು ನನಗೆ ಬಿಡು."

ಕಣ್ಣೊರೆಸಿಕೊಳ್ಳುತ್ತಲೇ ಬರೆದಳು. ಅವನು ಅದನ್ನು ನೋಡುತ್ತಲೇ ಇದ್ದ. ಆದರೂ ನಿಲ್ಲಿಸು ಅನ್ನಲಿಲ್ಲ.

ಮಂಗಳವಾರ ಊಟದ ಹೊತ್ತು. "ಮೇಡಂ, ಬ್ಯಾಕಪ್ ಹಾಕ್ತಿದ್ದೀನಿ. ಪರದೆ ಸ್ವಲ್ಪ ಹೊತ್ತು ನಿಂತ ಹಾಗೆ ಕಾಣುತ್ತೆ, ಗಾಬರಿ ಆಗ್ಬೇಡಿ" ಎಂದು ಮೊದಲೇ ಹೇಳಿಟ್ಟ. ಕಾರಿಡಾರಿನಲ್ಲಿ ನರಪಿಳ್ಳೆಯೂ ಇರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಸರತಿ ಬದಲಿಸುವ ನಿಯಮ ಬರೆದು ಬ್ಯಾಕಪ್ ಶುರುಮಾಡಿ ಒಳಹೊಕ್ಕ. ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿ, ಹಳೆಯ ಪತ್ರಿಕೆಯನ್ನು ಎಳೆದು, ಹೊಸದನ್ನು ಅದೇ ಜಾಗಕ್ಕೆ ಸೇರಿಸಿ, ಮೊದಲಿದ್ದಂತೆಯೇ ಗಂಟು ಹಾಕಿದ. ಹನ್ನೆರಡು ನಿಮಿಷ. ಬೀಗ ಹಾಕಿ, ಬ್ಯಾಕಪ್ ನಿಲ್ಲಿಸಿ, ತಾನು ಬರೆದ ನಿಯಮವನ್ನು ಅಳಿಸಿದ. ಹಳೆಯ ಪತ್ರಿಕೆ ಅಂಗಿಯೊಳಗೆ ಎದೆಗೆ ಒತ್ತುತ್ತಿತ್ತು. ಅಬ್ಬಾ, ಮಗಳು ಪಾರಾದಳು!

ಏನೂ ಆಗದವನಂತೆ ಆಫೀಸಿಗೆ ಹೋದ. "ಮುಗೀತು ಮೇಡಂ."

ಪ್ರಿನ್ಸಿಪಾಲರು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಐದು ಸೆಕೆಂಡಿಗೊಂದರಂತೆ ತೆಗೆದ ಚಿತ್ರಗಳು ಒಂದರ ಹಿಂದೊಂದು ಮೂಡುತ್ತಿದ್ದವು: ಖಾಲಿ ಕೋಣೆ, ತೆರೆದ ಬಾಗಿಲು, ಅವನ ಬೆನ್ನು, ಬಿಚ್ಚಿದ ಕಟ್ಟು, ಅವನ ಮುಖ. ಆಗ ಅವನಿಗೆ ಹೊಳೆಯಿತು. ಕ್ಯಾಮೆರಾ ಕುರುಡಾಗಿರಲಿಲ್ಲ, ಅದು ಕಳಿಸಿದ್ದೆಲ್ಲ ಸರತಿಯಲ್ಲಿ ಕಾದು ನಿಂತಿತ್ತು, ದಾರಿ ಬಿಟ್ಟೊಡನೆ ಹೊರಟುಬಂದಿತ್ತು. ಮೊದಲಿನ ಹಾಗಿದ್ದರೆ ಸರತಿ ತುಂಬಿ ಹೆಚ್ಚಿನವು ಬಿದ್ದುಹೋಗುತ್ತಿದ್ದವು. ಆದರೆ ಬೈಸಿಕೊಂಡ ಆ ದಿನ ಸರತಿಯನ್ನು ಹತ್ತು ಪಟ್ಟು ಉದ್ದ ಮಾಡಿದವನು ಅವನೇ. "ಒಂದು ಚಿತ್ರಾನೂ ತಪ್ಪಿಲ್ಲ ಕಣ್ರೀ" ಎಂದರು ಪ್ರಿನ್ಸಿಪಾಲರು. ಆಮೇಲೆ ಮೆಲ್ಲಗೆ, "ಹೋಗಿ, ನಿಮ್ಮ ಮಗಳನ್ನೂ ಕರ್ಕೊಂಡು ಬನ್ನಿ."