ಒಳಗೆ ಬಂದವರು: ಸೊನ್ನೆ

ಬೆಳಗಿನ ಹನ್ನೊಂದು ಗಂಟೆಯಷ್ಟೊತ್ತಿಗೆ ಅಗಸಿ ನಾಲ್ಕು ಸಾವಿರ ಜನರನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಿತ್ತು. ಅದು, ಊರ ಹೆಬ್ಬಾಗಿಲಿನ ಹೆಸರು ಹೊತ್ತು, ಹುಬ್ಬಳ್ಳಿಯ ನೀಲಾಂಬಿಕೆಯ ಮನೆಯ ಪಡಸಾಲೆಯ ಗೋಡೆಗೆ ಕೂತಿದ್ದ ಅಂಗೈಯಗಲದ ಬಿಳಿ ಪೆಟ್ಟಿಗೆ. ಪರದೆಯ ಮೇಲೆ ಎರಡೇ ಸಾಲು. ಬಾಗಿಲು ಬಡಿದವರು ಇಷ್ಟು, ಒಳಗೆ ಬಂದವರು ಸೊನ್ನೆ. ಆ ಸೊನ್ನೆಯನ್ನು ನೋಡಿದಾಗಲೆಲ್ಲ ನೀಲಾಂಬಿಕೆಗೆ ಒಂದಿಷ್ಟು ಜಂಬ. ಅಗಸಿಯನ್ನು ಕಂಡುಹಿಡಿದವಳು ಅವಳೇ.

ಹಿಂದೆ ಮನೆಮನೆಗೂ ಇಂಟರ್ನೆಟ್ ಹಂಚುವ ರೌಟರ್ ಇತ್ತು. ಹೊರಜಗತ್ತಿಗೆ ಇಡೀ ಮನೆಗೆ ಒಂದೇ ವಿಳಾಸ. ಒಳಗಿನ ಕಂಪ್ಯೂಟರ್, ಫ್ರಿಜ್ಜು, ದೀಪಗಳ ವಿಳಾಸ ರೌಟರಿಗೆ ಮಾತ್ರ ಗೊತ್ತು. ಒಳಗಿನವರು ಏನಾದರೂ ಕೇಳಿದರೆ ಬಂದ ಉತ್ತರವನ್ನು ಅದು ಕೇಳಿದವರಿಗೇ ಮುಟ್ಟಿಸುತ್ತಿತ್ತು. ಕರೆಯದೆ ಬಂದವರು ಸಾಮಾನ್ಯವಾಗಿ ಹೊರಗೇ ಉಳಿಯುತ್ತಿದ್ದರು. ಆದರೂ ಹಳೆಯ ತಂತ್ರಾಂಶದ ಬಿರುಕು, ಯಾರೂ ಬದಲಿಸದ ಪಾಸ್‌ವರ್ಡು ಹಿಡಿದು ಕಳ್ಳರು ನುಗ್ಗಿದ್ದುಂಟು. ಅಗಸಿ ಹಾಗಲ್ಲ, ತನ್ನ ಬೀಗವನ್ನು ನಿಮಿಷಕ್ಕೊಮ್ಮೆ ತಾನೇ ಹೊಸದಾಗಿ ಮಾಡಿಕೊಳ್ಳುತ್ತದೆ. "ಹೊರಗಿನವರು ಬರಲಾರರು, ನಿಶ್ಚಿಂತೆಯಿಂದಿರಿ" ಎಂದು ನೀಲಾಂಬಿಕೆ ಸಭೆಸಭೆಯಲ್ಲಿ ಹೇಳಿದ್ದಳು. ನಲವತ್ತು ಸಾವಿರ ಮನೆಗಳು ನಂಬಿದ್ದವು.

"ನೀಲಾ, ಸ್ವಲ್ಪ ಬಾರವಾ," ಎಂದು ಒಳಕೋಣೆಯಿಂದ ಅತ್ತೆ ಗೌರವ್ವ ಕರೆದರು. "ಎದಿ ಯಾಕೋ ಸಣ್ಣಗ ಆಗಾಕತ್ತೈತಿ."

ಗೌರವ್ವನ ಸೋತ ಹೃದಯಕ್ಕೆ ಆಸರೆಯಾಗಿ ಎದೆಯೊಳಗೆ ಒಂದು ಪುಟ್ಟ ಪಂಪು ಇತ್ತು. ಅದನ್ನು ನಡೆಸುವ ಪೆಟ್ಟಿಗೆ ಮಂಚದ ಪಕ್ಕದಲ್ಲಿ. ನಿಮಿಷಕ್ಕೆ ಐದು ಲೀಟರ್ ರಕ್ತ ಹರಿಯಬೇಕಾದಲ್ಲಿ ಪರದೆ ನಾಲ್ಕೂವರೆ ತೋರಿಸುತ್ತಿತ್ತು. ನೀಲಾಂಬಿಕೆ ಬಂದು ನೋಡುತ್ತಿದ್ದಂತೆಯೇ ಅದು ನಾಲ್ಕೂಕಾಲಿಗೆ ಇಳಿಯಿತು. ಕೆಟ್ಟ ಯಂತ್ರ ಹೀಗೆ ಅಳೆದು ತೂಗಿ ಇಳಿಯುವುದಿಲ್ಲ. ಯಾರೋ ಇಳಿಸುತ್ತಿದ್ದರು.

ಅವಳು ಪಡಸಾಲೆಗೆ ಓಡಿದಳು. ಅಗಸಿಯಲ್ಲಿ ಅದೇ ಸೊನ್ನೆ. ಹಾಗಾದರೆ ಪಂಪಿನದೇ ದೋಷ ಎಂದುಕೊಂಡು ಮರಳಿ ಬಂದು, ಪೆಟ್ಟಿಗೆಯ ತಂತಿಗಳನ್ನು ಒಂದೊಂದಾಗಿ ಒತ್ತಿ ನೋಡುತ್ತ ಅಮೂಲ್ಯವಾದ ಮೂರು ನಿಮಿಷ ಕಳೆದಳು. ತಾನು ಮಾಡಿದ್ದನ್ನು ಸಂಶಯಿಸಲು ಅವಳಿಗೆ ಮನಸ್ಸೇ ಬರಲಿಲ್ಲ. ಅಷ್ಟರಲ್ಲಿ ಮೂರೂಮುಕ್ಕಾಲು. ಗೌರವ್ವನ ತುಟಿ ಕಪ್ಪಿಡುತ್ತಿತ್ತು.

"ಹೊರಗಿಂದ ಯಾರೂ ಬಂದಿಲ್ರೀ ಅತ್ತಿ, ನಾ ನೋಡೇನಿ," ಎಂದಳು.

"ತಾವಾಗೇ ಬಂದಿಲ್ಲಂದ್ರ," ಗೌರವ್ವ ಉಸಿರು ಹಿಡಿದು ಹಿಡಿದು ಹೇಳಿದರು, "ಒಳಗಿನವರು ಯಾರರ ಕರದಿರಬೇಕು."

ಅಗಸಿಗೆ ಬರುವವರ ಪಟ್ಟಿಯನ್ನು ನೀಲಾಂಬಿಕೆ ದಿನಾ ನೋಡುತ್ತಿದ್ದಳು. ಹೋಗುವವರ ಪಟ್ಟಿಯನ್ನು ಎಂದೂ ತೆರೆದವಳಲ್ಲ. ಈಗ ಫೋನಿನಲ್ಲಿ ತೆರೆದಳು. ಮೂರು ಸೆಕೆಂಡಿಗೊಮ್ಮೆ ಒಂದು ವಸ್ತು ಹೊರಗೆ ಯಾರನ್ನೋ ಕೇಳುತ್ತಿತ್ತು, ಉತ್ತರ ಪಡೆಯುತ್ತಿತ್ತು. ಕೇಳಿದ್ದಕ್ಕೆ ಬಂದ ಉತ್ತರವನ್ನು ಅಗಸಿ ತಡೆಯುವುದಿಲ್ಲ. ಹಾಗೆಂದು ಅದಕ್ಕೆ ಕಲಿಸಿದವಳು ಇವಳೇ.

ಅದು ಒಳಕೋಣೆಯ ಗೋಡೆ ಗಡಿಯಾರ. ರಾಹುಕಾಲ, ತಿಥಿ ಎಲ್ಲ ಓದಿ ಹೇಳುವಂಥದು. ಗೃಹಪ್ರವೇಶಕ್ಕೆ ಅದೂ ಸೇರಿ ಹನ್ನೊಂದು ಗಡಿಯಾರ ಮುಯ್ಯಿ ಬಂದಿದ್ದವು. ಕೊಟ್ಟವರು ಮನೆಗೆ ಬಂದಾಗ ಗೋಡೆಯ ಮೇಲೆ ಕಾಣದಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆಂದು, ಗೋಡೆಗೊಂದರಂತೆ ಇವಳೇ ಮೊಳೆ ಹೊಡೆದು ತೂಗುಹಾಕಿದ್ದಳು. ಒಳಗಿನ ವಸ್ತುಗಳು ಒಂದನ್ನೊಂದು ನಂಬುತ್ತವೆ. ಪಂಪಿನ ಪಾಲಿಗೆ ಗಡಿಯಾರವೂ ಮನೆಯವರಲ್ಲೊಬ್ಬರು. ಎಲ್ಲೋ ಕೂತ ಕೈ ಆ ಉತ್ತರಗಳಲ್ಲೇ ಆಜ್ಞೆ ಕಳಿಸಿ, ಗಡಿಯಾರದ ಮೂಲಕ ಪಂಪಿನ ಗುಂಡಿ ತಿರುಗಿಸುತ್ತಿತ್ತು. ತಾನು ತಿರುಗಿಸುತ್ತಿರುವುದು ಒಂದು ಹೃದಯವೆಂದು ಆ ಕೈಗೆ ಗೊತ್ತೋ ಇಲ್ಲವೋ, ಅದನ್ನು ನೆನೆದೇ ಅವಳಿಗೆ ಹೆಚ್ಚು ಹೆದರಿಕೆಯಾಯಿತು.

ಗಡಿಯಾರವನ್ನು ಕಿತ್ತು ಸೆಲ್ ತೆಗೆದೆಸೆದಳು. ಪಡಸಾಲೆಗೆ ಓಡಿ ಅಗಸಿಯನ್ನೂ ಆರಿಸಿ, ಮನೆಯ ಇಂಟರ್ನೆಟ್ಟನ್ನೇ ನಿಲ್ಲಿಸಿ ಮರಳಿದಳು. ಅಂಕೆ ಇಳಿಯುವುದು ನಿಂತಿತು, ಏರಲಿಲ್ಲ. ಕೈಯಿಂದ ಏರಿಸುವುದನ್ನು ಅವಳು ಕಲಿತೇ ಇರಲಿಲ್ಲ.

"ಕೆಂಪು ಗುಂಡಿ ಎರಡೂ ಕೂಡೇ ಒತ್ತಿ ಹಿಡಿ," ಎಂದು ಗೌರವ್ವ ಪಿಸುಗುಟ್ಟಿದರು. "ನರ್ಸವ್ವ ನನಗ ಹೇಳಿಕೊಟ್ಟಾಳ."

ಒತ್ತಿ ಹಿಡಿದಳು. ನಾಲ್ಕು. ನಾಲ್ಕೂವರೆ. ಐದಕ್ಕೆ ಬಂದಾಗ ಅವಳು ಅತ್ತೆಯ ಪಾದ ಹಿಡಿದುಕೊಂಡು ಮಂಚದ ಬಳಿಯೇ ಕುಸಿದು ಅತ್ತುಬಿಟ್ಟಳು.

ಐದು ನಿಮಿಷಕ್ಕೆ ಡಾಕ್ಟರರ ಫೋನು ಬಂತು. "ಏನಾತ್ರೀ ಮೇಡಂ? ಅಮ್ಮಾರ ಹಾರ್ಟ್ ನಮಗ ಕಾಣವಲ್ದು. ಲಗೂ ನೆಟ್ ಹಚ್ರಿ. ಏರುಪೇರಾದ್ರ ನಮಗ ಗೊತ್ತ ಆಗೂದಿಲ್ಲ."

ನೀಲಾಂಬಿಕೆ ಅಗಸಿಯ ಗುಂಡಿಯ ಮೇಲೆ ಬೆರಳಿಟ್ಟು ನಿಂತಳು. ಹಚ್ಚಿದರೆ ಪಂಪು ಕೂಡ ಗಡಿಯಾರದ ಹಾಗೆಯೇ ಹೊರಗೆ ಕೂಗತೊಡಗುತ್ತದೆ. ಹಚ್ಚದಿದ್ದರೆ ಆ ಹೃದಯವನ್ನು ಕಾಯುವವರಿಲ್ಲ.

"ಹಚ್ಚವಾ," ಎಂದರು ಗೌರವ್ವ. "ಯಾರನ್ನೂ ಕರೀದ ಬದುಕಾಕ ಆಗ್ತೈತೇನು?"

ಹಚ್ಚಿದಳು. ಪಂಪಿಗೆ ಡಾಕ್ಟರರ ವಿಳಾಸವೊಂದನ್ನೇ ಬಿಟ್ಟು, ಉಳಿದೆಲ್ಲರ ಮಾತನ್ನೂ, ಮನೆಯವರ ಮಾತನ್ನೂ ಸಹ, ಅದು ಕೇಳದಂತೆ ಮಾಡಿದಳು. ಆಮೇಲೆ ನಲವತ್ತು ಸಾವಿರ ಮನೆಗಳಿಗೆ ಪತ್ರ ಬರೆಯಲು ಕೂತಳು. ತಾನು ಹೇಳಿದ್ದು ಅರ್ಧ ಸುಳ್ಳೆಂದು ಮೊದಲ ಸಾಲಿನಲ್ಲೇ ಒಪ್ಪಿಕೊಂಡಳು. ನಿಮ್ಮ ಮನೆಗೆ ಯಾರು ಬರುತ್ತಾರೆಂದು ನೋಡುವುದಿರಲಿ, ನಿಮ್ಮ ಮನೆಯೊಳಗಿಂದ ಯಾರು ಯಾರು ಹೊರಗೆ ಮಾತಾಡುತ್ತಿದ್ದಾರೆ, ಮೊದಲು ಎಣಿಸಿ ಎಂದು ಬರೆದಳು.

ಬರೆದ ಮೇಲೆ ತನ್ನ ಮನೆಯದನ್ನೇ ಎಣಿಸಿದಳು. ಮೂವತ್ತೊಂದು. ಅದರಲ್ಲಿ ಒಂಬತ್ತು ಏನೆಂದು ಅವಳಿಗೆ ಗೊತ್ತಾಗಲಿಲ್ಲ.