ಡಾಕ್ಟರಿಗೆ ಹೇಳ್ತೀನಿ

"ಹದಿನೆಂಟು ತಿಂಗಳ ಮಗು. ಎರಡು ದಿನದಿಂದ ಜ್ವರ. ಕಿವಿಯೊಳಗಿನ ಪರದೆ ಕೆಂಪಾಗಿ ಉಬ್ಬಿದೆ. ಈಗ ನೀನೇನು ಮಾಡ್ತೀಯ?"

ಖಾಲಿ ಬೆಂಚುಗಳ ಮುಂದೆ ನಿಂತು ಟ್ಯಾಬಿತಾ ಕೇಳಿದಳು. ಕೇಳಿಸಿಕೊಳ್ಳಲು ಯಾರೂ ಇರಲಿಲ್ಲ. ಯಾರೂ ಇರಬಾರದೆಂದೇ ಅವಳು ವಾರದ ನಡುವೆ, ಮಧ್ಯಾಹ್ನದ ಹೊತ್ತಿನಲ್ಲಿ ಚರ್ಚಿನ ಬೀಗದ ಕೈ ಕೇಳಿ ತಂದಿದ್ದಳು.

"ಡಾಕ್ಟರಿಗೆ ಹೇಳ್ತೀನಿ," ಎಂದು ತಾನೇ ಉತ್ತರಿಸಿಕೊಂಡಳು.

"ಅವರು ಬರೋಷ್ಟರಲ್ಲಿ ಆ ಮಗು ಅತ್ತು ಅತ್ತು ಈ ಸೂರೇ ಹಾರಿಸಿರುತ್ತೆ, ಬಿಡಿ."

ಟ್ಯಾಬಿತಾ ಬೆಚ್ಚಿ ತಿರುಗಿದಳು. ಹಿಂದಿನ ಗೋಡೆಗೆ ಒರಗಿಸಿದ್ದ ಏಣಿಯ ಮೇಲೊಬ್ಬ ಗಂಡಸು. ಕೈಯಲ್ಲಿ ಇಕ್ಕಳ, ಕಣ್ಣಲ್ಲಿ ನಗು.

"ಯಾರ್ರೀ ನೀವು?"

"ಎಮೆಟ್ ಅಂತ. ಗುಡ್ಡದ ಆಚೆ ಚರ್ಚಿನವನು. ಕರೆಂಟ್ ಕಂಪನೀಲಿ ಲೈನ್‌ಮ್ಯಾನ್. ನಿಮ್ಮ ಫ್ಯೂಸ್ ಹೋಗಿತ್ತಂತೆ, ಹಿಂಬಾಗಿಲಿಂದ ಬಂದೆ."

"ಕದ್ದು ಕೇಳೋದು ಗುಡ್ಡದ ಆಚೆ ಪಾಪ ಅಲ್ವಾ?"

"ಕದ್ದು ಎಲ್ಲಿ ಕೇಳಿದೆ? ನೀವೇ ಕೂಗಿ ಹೇಳಿದ್ರಿ."

ಅವಳ ಕೆನ್ನೆ ಉರಿಯಿತು. ಕೋಪಕ್ಕಿಂತ ಹೆಚ್ಚಾಗಿ ನಾಚಿಕೆಗೆ. ಯಾಕೆಂದರೆ ಅದೇ ಉತ್ತರ ಈ ವಸಂತದಲ್ಲಿ ಅವಳನ್ನು ಪರೀಕ್ಷೆಯಲ್ಲಿ ಕೆಡವಿತ್ತು.

ಅಮೆರಿಕದ ಕೆಂಟಕಿಯ ಆ ಕಣಿವೆಯಲ್ಲಿ ಇರುವುದು ಒಂದೇ ಕ್ಲಿನಿಕ್. ಅಲ್ಲಿನ ಮುದಿ ಡಾಕ್ಟರು ಕ್ರಿಸ್‌ಮಸ್‌ಗೆ ಕೆಲಸ ಬಿಡುವವರಿದ್ದರು. ಅವರ ಜಾಗಕ್ಕೆ ಬರಲು ಬೇರೆ ಯಾವ ಡಾಕ್ಟರೂ ಒಪ್ಪಿರಲಿಲ್ಲ. ಟ್ಯಾಬಿತಾ ಎಷ್ಟೋ ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿ ದುಡಿದು, ಮತ್ತೆ ಓದಿ, ರೋಗಿಯನ್ನು ತಾನೇ ನೋಡಿ ಔಷಧಿ ಬರೆದುಕೊಡುವ ನರ್ಸ್ ಪ್ರಾಕ್ಟೀಷನರ್ ಆಗಲು ಹೊರಟಿದ್ದಳು. ಉಳಿದಿದ್ದು ಕೊನೆಯ ಪರೀಕ್ಷೆಯೊಂದೇ. ಅವಳು ಪಾಸಾದರೆ ಕ್ಲಿನಿಕ್ ಉಳಿಯುತ್ತದೆ. ಇಲ್ಲದಿದ್ದರೆ ಎದೆನೋವಿನವನೂ ಬಸುರಿಯೂ ಗುಡ್ಡ ಸುತ್ತಿಕೊಂಡು ಹೋಗಬೇಕು.

ಅವಳಿಗೆ ಗೊತ್ತಿಲ್ಲದ ಕಾಯಿಲೆಯಿರಲಿಲ್ಲ. ಆದರೆ ನಾಲ್ಕು ಉತ್ತರಗಳಲ್ಲಿ 'ವೈದ್ಯರಿಗೆ ತಿಳಿಸುವುದು' ಎಂಬುದು ಕಂಡರೆ ಸಾಕು, ಬೆರಳು ತಾನಾಗಿ ಅತ್ತ ಹೋಗುತ್ತಿತ್ತು. ಹಳೆಯ ನರ್ಸಿನ ಕೈ ಅದು. ಆಸ್ಪತ್ರೆಯಲ್ಲಿ ಅದೇ ಸರಿಯಾದ ಉತ್ತರವಾಗಿತ್ತು, ಇಷ್ಟು ವರ್ಷ ಅದೇ ಅವಳನ್ನು ಕಾಪಾಡಿತ್ತು.

ಇದನ್ನೆಲ್ಲ ಒಬ್ಬ ಅಪರಿಚಿತನಿಗೆ ಯಾಕೆ ಹೇಳಿದಳೋ ಅವಳಿಗೇ ತಿಳಿಯಲಿಲ್ಲ. ಎಮೆಟ್ ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಂಡ.

"ಕಣ್ಣಲ್ಲಿ ಓದಿದ್ರೆ ನನಗೆ ನಿಲ್ಲಲ್ಲ. ಕಿವಿಗೆ ಬೀಳಬೇಕು. ಚಿಕ್ಕಂದಿನಿಂದ ಹಾಗೇ," ಎಂದಳು ಕೊನೆಗೆ.

"ನಮ್ಮ ಚರ್ಚಲ್ಲಿ ಸಾಲು ಕೊಡೋನು ನಾನೇ," ಎಂದ ಅವನು. "ಬೇಕಾದ್ರೆ ಪ್ರಶ್ನೇನೂ ಕೊಡ್ತೀನಿ."

ಆ ಗುಡ್ಡಗಳ ಚರ್ಚುಗಳಲ್ಲಿ ವಾದ್ಯವಿಲ್ಲ. ಒಬ್ಬ ಎದ್ದು ಸ್ತುತಿಯ ಒಂದು ಸಾಲನ್ನು ಬೇಗ ಬೇಗ ಹೇಳಿ ಕೊಡುತ್ತಾನೆ. ಆಮೇಲೆ ಸಭೆಯೆಲ್ಲ ಅದನ್ನೇ ಎಳೆದೆಳೆದು ಹಾಡುತ್ತದೆ. ಅಕ್ಷರ ಬಾರದ ಮುತ್ತಜ್ಜಿಯರಿಂದ ಬಂದ ಪದ್ಧತಿ ಅದು. ಟ್ಯಾಬಿತಾ ದೇವರನ್ನು ಅರಿತದ್ದೂ ಹಾಗೆಯೇ, ಒಂದೊಂದು ಸಾಲಾಗಿ.

ಅಂದಿನಿಂದ ಸಂಜೆಯಾದರೆ ಎಮೆಟ್‌ನ ಗಾಡಿ ಅವಳ ಅಜ್ಜಿ ಅರ್ಮಿಂಟಾಳ ಮನೆಯ ಮುಂದೆ ನಿಲ್ಲುತ್ತಿತ್ತು. ಅಡುಗೆಮನೆಯ ಮೇಜಿನಲ್ಲಿ ಬೀನ್ಸಿನ ಸಾರು, ಮೆಕ್ಕೆಜೋಳದ ಬ್ರೆಡ್ಡು. ಅವನು ಪುಸ್ತಕ ತೆರೆದು ಪ್ರಶ್ನೆಯನ್ನು ಚರ್ಚಿನ ರಾಗದಲ್ಲೇ ಕೊಡುತ್ತಿದ್ದ.

"ಅರುವತ್ತರ ಮುದುಕ... ಕಾಲು ಊದಿದೆ... ಮಲಗಿದರೆ ಉಸಿರು ಕಟ್ಟುತ್ತೆ..."

"ಅರುವತ್ತಕ್ಕೆಲ್ಲ ಮುದುಕ ಅಂದ್ರೆ ನನ್ನನ್ನೇನು ಅಂತೀಯೋ?" ಅಜ್ಜಿ ಸೌಟು ತೋರಿಸಿ ಕೇಳುತ್ತಿದ್ದಳು. "ಮೊದಲು ತಿನ್ನು. ಬಡಕಲು ಮೈಯಿಂದ ಆ ಸ್ವರ ಎಲ್ಲಿಂದ ಬರುತ್ತೋ, ದೇವರೇ ಬಲ್ಲ."

ಆ ಧ್ವನಿಗಾಗಿ ತನ್ನ ಕಿವಿ ಹಗಲೆಲ್ಲ ಕಾಯುತ್ತದೆಂದು ಟ್ಯಾಬಿತಾಳಿಗೆ ಯಾವಾಗ ಗೊತ್ತಾಯಿತೋ... ಅವರ ನಡುವಿನ 'ನೀವು' ಯಾವಾಗ 'ನೀನು' ಆಯಿತೋ...

ಒಂದು ಮಾತ್ರ ಅವಳನ್ನು ಕಾಡುತ್ತಿತ್ತು. ಉತ್ತರ ಹೇಳುವಾಗ ಅವಳು ಅವನ ಮುಖ ನೋಡುತ್ತಿದ್ದಳು. ಸರಿಯೋ ತಪ್ಪೋ ಅವನ ಹುಬ್ಬಾದರೂ ಹೇಳೀತೆಂದು. ಅವನು ಪುಸ್ತಕದಿಂದ ತಲೆಯೆತ್ತುತ್ತಲೇ ಇರಲಿಲ್ಲ.

ಪರೀಕ್ಷೆಗೆ ಇನ್ನೇನು ಕೆಲವೇ ದಿನವಿದ್ದಾಗ ಲೆಕ್ಸಿಂಗ್ಟನ್ ನಗರದ ದೊಡ್ಡ ಆಸ್ಪತ್ರೆಯೊಂದರಿಂದ ಕರೆ ಬಂತು. ಹಿರಿಯ ನರ್ಸಿನ ಕೆಲಸ, ಒಳ್ಳೆಯ ಸಂಬಳ. ಈ ಪರೀಕ್ಷೆಯ ಹಂಗಿಲ್ಲ. ಕೂಗಿದರೆ ಓಗೊಡುವ ಡಾಕ್ಟರರು ಹಗಲೂ ರಾತ್ರಿ ಇರುತ್ತಾರೆ.

ಅಜ್ಜಿ ಕೋಳಿಗೂಡಿನ ಕಡೆ ಹೋದಾಗ ಅವಳು ಎಮೆಟ್‌ನನ್ನು ಕೇಳಿದಳು.

"ಹೋಗ್ಲಾ?"

ಅವನ ಬೆರಳು ಹಾಳೆಯ ಮೇಲೆ ನಿಂತಿತು.

"ಹೇಳು, ಎಮೆಟ್. ಹೋಗ್ಲೋ, ಬೇಡ್ವೋ?"

'ಬೇಡ ಅನ್ನು... ಒಂದೇ ಒಂದು ಸಲ ಅನ್ನು...' ಎಂದುಕೊಂಡಳು ಅವಳು.

ಅವನು ಹಾಳೆ ಮಗುಚಿದ. "ಮೂವತ್ತರ ಹೆಂಗಸು... ಗಂಟಲು ನೋವು..." ಎಂದು ಮುಂದಿನ ಪ್ರಶ್ನೆ ಓದತೊಡಗಿದ.

ಅವಳು ಪುಸ್ತಕ ಕಿತ್ತುಕೊಂಡಳು. "ನನ್ನ ಜೀವನ ಏನಾದ್ರೂ ನಿನಗೇನೂ ಅನ್ಸಲ್ಲ, ಅಲ್ವಾ? ಕರೆಂಟ್ ಕಂಬಕ್ಕಾದ್ರೂ ಕಿವಿಯಿಟ್ಟರೆ ಗುಂಯ್ ಅನ್ನುತ್ತೆ. ನೀನು ಅದಕ್ಕಿಂತ ಕಡೆ. ನಾಳೆಯಿಂದ ಬರಬೇಡ."

ಅವನ ಮುಖ ಬಿಳಿಚಿತು. ಟೋಪಿ ಎತ್ತಿಕೊಂಡು ಹೊರಟೇಹೋದ.

ಉಳಿದ ಸಂಜೆಗಳಲ್ಲಿ ಅವಳು ಒಬ್ಬಳೇ ಓದಿದಳು. ಅಡುಗೆಮನೆ ಬಿಕೋ ಎನ್ನುತ್ತಿತ್ತು. "ಜಗಳ ಆಡಿದ್ದು ನೀನು, ಹಸಿವು ಸತ್ತಿದ್ದು ನನಗೆ," ಎಂದು ಅಜ್ಜಿ ಗೊಣಗಿದಳು.

ಪರೀಕ್ಷೆಯ ಕೋಣೆ ತಣ್ಣಗಿತ್ತು. ಕಂಪ್ಯೂಟರ್ ಪರದೆಯ ಮೇಲೆ ಪ್ರಶ್ನೆಗಳು ಬರುತ್ತಿದ್ದವು. ಟ್ಯಾಬಿತಾ ಪ್ರತಿಯೊಂದನ್ನೂ ತುಟಿಯಲ್ಲಿ ಗುನುಗಿಕೊಂಡಳು, ಸಾಲು ಕೊಟ್ಟಂತೆ. ಎಲ್ಲೋ ನಡುವೆ ಒಂದು ಪ್ರಶ್ನೆಯಲ್ಲಿ ಒಬ್ಬ ಗಣಿಯವನು ಬಂದ. ರಕ್ತದೊತ್ತಡ ಏರಿದೆ, ಮೂರು ಸಲ ನೋಡಿದರೂ ಇಳಿದಿಲ್ಲ. ಕೆಳಗೆ ನಾಲ್ಕು ಉತ್ತರ. ಕೊನೆಯದು ಅವಳ ಹಳೆಯ ಪರಿಚಯದ್ದೇ.

ಬೆರಳು ಅತ್ತ ಸರಿಯಿತು... ಅವಳು ತಲೆಯೆತ್ತಿದಳು, ಯಾರದೋ ಮುಖ ಹುಡುಕಿಕೊಂಡು. ಎದುರಿಗೆ ಬರೀ ಗೋಡೆ.

ಆಗ ಹೊಳೆಯಿತು. ಸಾಲು ಕೊಡುವವನ ಕೆಲಸ ಸಾಲು ಕೊಡುವುದಷ್ಟೇ. ಹಾಡಬೇಕಾದದ್ದು ಸಭೆ. ಅವನು ಎರಡನ್ನೂ ಮಾಡಿದರೆ ಸಭೆಗೆ ಬಾಯೇ ಇಲ್ಲದಂತಾಗುತ್ತದೆ. ಅಷ್ಟು ಸಂಜೆಗಳಲ್ಲಿ ಎಮೆಟ್ ತಲೆಯೆತ್ತದಿದ್ದುದು ಉದಾಸೀನದಿಂದಲ್ಲ. ಎತ್ತಿದ್ದರೆ ಅವಳು ಅವನ ಮುಖದಲ್ಲೇ ಉತ್ತರ ಓದುತ್ತಿದ್ದಳು. ಮತ್ತೊಬ್ಬ ಡಾಕ್ಟರು ಸಿಕ್ಕಂತಾಗುತ್ತಿತ್ತು, ಅಷ್ಟೇ.

ಹಾಗಾದರೆ ಆ ದಿನದ ಮೌನವೂ...?

ಕಣ್ಣು ತುಂಬಿ ಬಂತು. ತೋಳಿನಿಂದ ಒರೆಸಿಕೊಂಡು ಗಣಿಯವನಿಗೆ ಔಷಧಿ ಶುರುಮಾಡುವ ಉತ್ತರವನ್ನು ಒತ್ತಿದಳು. ಸ್ವಲ್ಪ ಹೊತ್ತಿಗೆ ಎದೆನೋವಿನ ಹೆಂಗಸೊಬ್ಬಳು ಬಂದಾಗ ಅರೆಕ್ಷಣ ತಡೆಯದೆ ದೊಡ್ಡ ಆಸ್ಪತ್ರೆಗೆ ಕಳಿಸಿದಳು. ಅದೂ ಅವಳದೇ ತೀರ್ಮಾನ.

ಹೊರಬರುವಾಗ ಬಾಗಿಲ ಬಳಿಯ ಮೇಜಿನಲ್ಲಿದ್ದಾಕೆ ಕೊಟ್ಟ ಹಾಳೆಯಲ್ಲಿ ಅವಳು ಪಾಸಾಗಿದ್ದಳು. ಕಾರಿನಲ್ಲಿ ಕೂತು ಮೊದಲು ದೇವರನ್ನು ನೆನೆದಳು. ಆಮೇಲೆ ಲೆಕ್ಸಿಂಗ್ಟನ್ನಿಗೆ ಫೋನು ಮಾಡಿ ಬರುವುದಿಲ್ಲವೆಂದಳು. ಅಲ್ಲಿಂದ ಗುಡ್ಡದ ಆಚೆಗೇ ಹೊರಟಳು.

ಹೊಳೆಯ ತಿರುವಿನಲ್ಲಿ ಎಮೆಟ್ ಕಂಪನಿಯ ಗಾಡಿಯಲ್ಲಿ ಹಗ್ಗ ಸುತ್ತಿಡುತ್ತಿದ್ದ. ಅವಳ ಕಾರು ಕಂಡು ನೆಟ್ಟಗೆ ನಿಂತ.

"ಪಾಸಾದೆ," ಎಂದಳು.

"ದೇವರು ದೊಡ್ಡವನು." ಅವನು ಮತ್ತೆ ಹಗ್ಗ ಸುತ್ತತೊಡಗಿದ. "ಲೆಕ್ಸಿಂಗ್ಟನ್‌ಗೆ ಯಾವಾಗ ಹೊರಡೋದು?"

"ಹೋಗಲ್ಲ ಅಂದೆ. ಕ್ಲಿನಿಕ್ ನಡೆಸ್ತೀನಿ. ಯಾರನ್ನೂ ಕೇಳಲಿಲ್ಲ."

ಹಗ್ಗ ಅವನ ಕೈಯಿಂದ ಜಾರಿತು.

"ಆವತ್ತು ಬಾಯಿ ತೆರೆದಿದ್ರೆ 'ಹೋಗಬೇಡ' ಅಂತಲೇ ಬರ್ತಿತ್ತು, ಟ್ಯಾಬಿ. ಹಲ್ಲು ಕಚ್ಚಿ ಹಿಡ್ಕೊಂಡೆ. ನಾನು ಹೇಳಿದೆ ಅಂತ ಉಳಿದು, ಮುಂದೊಂದು ದಿನ ನೀನು ಕೊರಗಿದ್ರೆ... ಅದನ್ನ ನೋಡೋ ಧೈರ್ಯ ನನಗಿಲ್ಲ."

"ಈಗ ಗೊತ್ತಾಯ್ತು. ನಿನ್ನನ್ನ ಕಂಬಕ್ಕಿಂತ ಕಡೆ ಅಂದೆ."

"ಕಂಬಗಳಿಗೂ ಬೇಜಾರಾಗಿದೆ."

ಅವಳು ನಕ್ಕಳು. ನಗುತ್ತಲೇ ಅವಳ ಗಲ್ಲ ಒದ್ದೆಯಾಯಿತು. ಗ್ರೀಸು ಮೆತ್ತಿದ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದಳು.

"ಇನ್ನೊಂದಿದೆ. ನಿನ್ನನ್ನ ಕಂಡ್ರೆ ನನಗೆ ಪ್ರಾಣ. ನಿನ್ನನ್ನೇ ಮದುವೆ ಆಗ್ತೀನಿ. ನೀನು ಒಪ್ಪಿದ್ರೆ."

ಎಮೆಟ್ ಅವಳ ಮುಖವನ್ನೇ ನೋಡಿದ. ಈ ಸಲ ತಲೆ ತಗ್ಗಿಸಲಿಲ್ಲ.

"ನಾನು ಒಪ್ಪಿ ಎಷ್ಟೋ ಕಾಲ ಆಯ್ತು," ಎಂದ ಮೆಲ್ಲಗೆ. "ಆದ್ರೆ ನೀನು ಇವತ್ತು ದಣಿದಿದೀಯ. ಸಂತೋಷದಲ್ಲಿದೀಯ. ಒಂದು ವಾರ ಯೋಚನೆ ಮಾಡಿ ಹೇಳು. ನನಗೋಸ್ಕರ ಇಷ್ಟು ಮಾಡು, ಟ್ಯಾಬಿ."

"ಮಾಡಲ್ಲ," ಎಂದಳು ಟ್ಯಾಬಿತಾ, ಅವನ ಕೈ ಬಿಡದೆ.